ಐಬಿಎಸ್‌ಗೆ ಸೂಜಿ ಚುಚ್ಚಿ ಕರೆಂಟ್ ಕೊಡ್ತಾರಂತೆ, ಮಾಡಿಸಬಹುದಾ?

ಮೂಡಿಗೆರೆ ರೈಟರ್:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ಕಾಫಿ ತೋಟದಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವನು ಆಗಿದ್ದೇನೆ. ಬೆಳಿಗ್ಗೆ ಹಾಜರಿ ಹಾಕುವ ಹೊತ್ತಿಗೇ ಹೊಟ್ಟೆ ಹಿಂಡಲು ಶುರು. ಹೋಗಿ ಬಂದರೆ ಸ್ವಲ್ಪ ಹಗುರ, ಆಮೇಲೆ ಮತ್ತೆ ಅವಸರ. ಕೊಯ್ಲಿನ ಸಮಯದಲ್ಲಿ ಸಂಜೆ ಹಣ್ಣು ತೂಕ ಹಾಕಿಸಲು ಜನ ಚೀಲ ಇಟ್ಟುಕೊಂಡು ಕಾಯುತ್ತಿರುತ್ತಾರೆ, ನಾನು ಪುಸ್ತಕ ಬಿಟ್ಟು ಓಡಬೇಕು. ಅಕ್ಕನ ಮನೆ ಬೆಳ್ತಂಗಡಿಯಲ್ಲಿ. ಚಾರ್ಮಾಡಿ ಘಾಟಿಯಲ್ಲಿ ಬಸ್ ನಿಲ್ಲಿಸಿ ಅನ್ನಬೇಕಾಗುತ್ತೆ ಅಂತ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಹಾಸನದಲ್ಲಿ ತೋರಿಸಿದೆ. ರಕ್ತ, ಮಲ, ಕೊಲೊನೋಸ್ಕೋಪಿ ಎಲ್ಲ ನಾರ್ಮಲ್. ಐಬಿಎಸ್ ಅಂದರು, ಅಂದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಟ್ಟೆ ನೋವು, ಅವಸರ ಕೊಡುವ ಕರುಳಿನ ತೊಂದರೆಯಂತೆ. ಮಾತ್ರೆಯಿಂದ ನೋವು ಕಡಿಮೆ, ಅವಸರ ಮಾತ್ರ ಹಾಗೇ ಇದೆ. ಈಗ ಒಂದು ಕ್ಲಿನಿಕ್‌ನವರು ಎಲೆಕ್ಟ್ರೋ ಅಕ್ಯುಪಂಕ್ಚರ್ ಮಾಡಿಸಿ, ಬೇರು ಸಮೇತ ಹೋಗುತ್ತೆ, ಮಾತ್ರೆ ನಿಲ್ಲಿಸಿಬಿಡಿ ಅಂತಾರೆ. ಪ್ಯಾಕೇಜ್ ದುಡ್ಡು ಪೂರ್ತಿ ಮೊದಲೇ ಕಟ್ಟಬೇಕು. ಅಮ್ಮನಿಗೂ ಮಂಡಿ ನೋವಿದೆ, ಅವರನ್ನೂ ಕರೆದುಕೊಂಡು ಹೋಗೋಣ ಅಂದುಕೊಂಡೆ. ಅವರಿಗೆ ಪೇಸ್‌ಮೇಕರ್ ಹಾಕಿದೆ. ಯಾರಾದರೂ ಮಾಡಿಸಿದ್ದೀರಾ?

ಹಾಸನದ ಸಿಸ್ಟರ್:
ಮೊದಲು ಅಮ್ಮನ ವಿಷಯ. ಪೇಸ್‌ಮೇಕರ್ ಇದ್ದವರಿಗೆ ಈ ಕರೆಂಟ್ ಬೇಡವೇ ಬೇಡ. ಅವರನ್ನು ಕರೆದುಕೊಂಡು ಹೋಗಬೇಡಿ.

ನಾನು ನರ್ಸ್. ನನಗೂ ಐಬಿಎಸ್ ಇದೆ, ಈ ಚಿಕಿತ್ಸೆ ಮಾಡಿಸಿಕೊಂಡಿದ್ದೇನೆ. ಸೂಜಿ ಕೂದಲೆಳೆಯಷ್ಟು ಸಣ್ಣ. ಹೊಕ್ಕುಳಿನ ಎರಡೂ ಪಕ್ಕ, ಮತ್ತೆ ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಕಾಲಿನ ಹೊರಬದಿಗೆ ಚುಚ್ಚಿದರು. ಸೂಜಿಗೆ ಪುಟ್ಟ ಕ್ಲಿಪ್ ಸಿಕ್ಕಿಸಿ, ವೈರನ್ನು ಒಂದು ಡಬ್ಬಿಗೆ ಜೋಡಿಸಿದರು. ಗುಂಡಿ ತಿರುಗಿಸುತ್ತಾ ಹೋದ ಹಾಗೆ ಚರ್ಮದ ಕೆಳಗೆ ಮಾಂಸ ಟಕ್ ಟಕ್ ಅಂತ ಅದುರುತ್ತೆ. ಶಾಕ್ ಹೊಡೆದ ಹಾಗೆ ಇರಲ್ಲ. ಜಾಸ್ತಿ ಅನ್ನಿಸಿದರೆ ಹೇಳಿದ ತಕ್ಷಣ ಕಡಿಮೆ ಮಾಡುತ್ತಾರೆ. ಎದ್ದು ಬರುವಾಗ ಹೊಟ್ಟೆಯ ಬಿಗಿತ ನಿಜಕ್ಕೂ ಸಡಿಲವಾಗಿತ್ತು.

ಆದರೆ ‘ಬೇರು ಸಮೇತ’ ಅನ್ನುವ ಮಾತನ್ನು ನಂಬಬೇಡಿ. 2012ರಲ್ಲಿ ಕೊಕ್ರೇನ್ ಸಂಸ್ಥೆಯವರು ಐಬಿಎಸ್‌ಗೆ ಅಕ್ಯುಪಂಕ್ಚರ್ ಕೊಟ್ಟ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು, 1,800ಕ್ಕೂ ಜಾಸ್ತಿ ಜನ. ನಿಜವಾದ ಸೂಜಿಗೂ, ಹೋಲಿಸಿ ನೋಡಲು ಹಾಕುವ ಸುಳ್ಳು ಸೂಜಿಗೂ ವ್ಯತ್ಯಾಸವೇ ಕಾಣಲಿಲ್ಲ. ಚೀನಾದ ಕೆಲವು ಪ್ರಯೋಗಗಳಲ್ಲಿ ಮಾತ್ರೆಗಿಂತ ಸೂಜಿ ಮೇಲು ಅಂತ ಬಂತು, ಆದರೆ ಅಲ್ಲಿ ತಮಗೆ ಏನು ಕೊಡುತ್ತಿದ್ದಾರೆ ಅಂತ ರೋಗಿಗಳಿಗೆ ಗೊತ್ತಿತ್ತು.

ನನ್ನ ಮನಸ್ಸಲ್ಲಿ ಉಳಿದಿರುವುದು 2008ರಲ್ಲಿ ಬಾಸ್ಟನ್‌ನಲ್ಲಿ 262 ಐಬಿಎಸ್ ರೋಗಿಗಳ ಮೇಲೆ ಮಾಡಿದ ಪ್ರಯೋಗ. ಅಲ್ಲಿ ಹಾಕಿದ್ದು ಒಳಗೆ ಹೋಗದ ಸೂಜಿ, ಕರೆಂಟೂ ಇಲ್ಲ. ಸುಮ್ನೆ ಕಾಯಲು ಹೇಳಿದವರಲ್ಲಿ ನೂರಕ್ಕೆ 28 ಜನ ಸಾಕಷ್ಟು ವಾಸಿ ಅಂದರು. ಸುಳ್ಳು ಸೂಜಿ ಹಾಕಿಸಿಕೊಂಡವರಲ್ಲಿ 44. ಅದರ ಜೊತೆಗೆ ಕೂತು ಪ್ರೀತಿಯಿಂದ ಕಷ್ಟ ಕೇಳಿದಾಗ 62! ಹಾಗಂತ ನಿಮ್ಮ ನೋವು ಸುಳ್ಳಲ್ಲ. ಕರುಳಿಗೂ ಮೆದುಳಿಗೂ ನರಗಳ ಸಂಪರ್ಕ ಇದೆ, ಐಬಿಎಸ್‌ನಲ್ಲಿ ಅದೇ ಅತಿ ಸೂಕ್ಷ್ಮ ಆಗಿರುತ್ತೆ. ಓಪಿಡಿಯಲ್ಲಿ ಸಾಲು ನೋಡುವಾಗ ನನಗೆ ತುಂಬಾ ಸಂಕಟ ಆಗುವುದು ಇದಕ್ಕೇ. ಬಸ್ ಹತ್ತಲು ಭಯ ಅಂತ ಒಬ್ಬರು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರ ಚೀಟಿ ಮೇಜಿನ ಮೇಲೆ ಬಂದಿರುತ್ತೆ. ಕೇಳಿಸಿಕೊಳ್ಳುವುದೂ ಚಿಕಿತ್ಸೆಯೇ ಅಲ್ವಾ?

ಮಾಡಿಸಲೇಬೇಕು ಅಂತಿದ್ದರೆ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿ ಅಕ್ಯುಪಂಕ್ಚರ್ ಕಲಿತ ವೈದ್ಯರ ಹತ್ತಿರ ಹೋಗಿ. ಸೂಜಿ ಪ್ಯಾಕೆಟ್ ನಿಮ್ಮೆದುರಿಗೇ ಒಡೆಯಬೇಕು. ಒಂದೊಂದು ಸಲಕ್ಕೆ ದುಡ್ಡು ಕೊಡಿ, ಪ್ಯಾಕೇಜ್ ಬೇಡ. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮುಂಚೆಯೇ ಹೇಳಿ. ಡಾಕ್ಟರ್ ಬರೆದ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಅವಸರ ಹೋಗಿಲ್ಲ ಅಂತ ಅವರಿಗೇ ಹೇಳಿ. ರಾತ್ರಿ ಸಣ್ಣ ಡೋಸ್ ಅಮಿಟ್ರಿಪ್ಟಿಲಿನ್ ಕೊಡುವುದುಂಟು, ಅದು ಮೂಲತಃ ಖಿನ್ನತೆಗೆ ಕೊಡುವ ಮಾತ್ರೆ. ಬ್ರಿಟನ್ನಿನಲ್ಲಿ 463 ಜನರ ಮೇಲೆ ನೋಡಿ, ಉಪಯೋಗ ಇದೆ ಅಂತ 2023ರಲ್ಲಿ ಪ್ರಕಟಿಸಿದ್ದಾರೆ. ನಿಮಗೆ ಸರಿಹೊಂದುತ್ತಾ ಅಂತ ಡಾಕ್ಟರೇ ಹೇಳಬೇಕು.

ಬೇಲೂರಿನ ಹುಡುಗ:
ನನಗಂತೂ ಎಲೆಕ್ಟ್ರೋದಿಂದ ಒಳ್ಳೇದಾಯ್ತು. ಆರಾಮಾಗಿ ಊಟ ಮಾಡ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಮತ್ತೆ ಶುರುವಾಯ್ತು. ಸಿಸ್ಟರ್ ಹೇಳಿದ್ದು ಸರಿ ಇರಬಹುದು, ಆದರೂ ಆ ಕೆಲವು ತಿಂಗಳು ನನಗೆ ಬೇಕಿತ್ತು.

ಮೂಡಿಗೆರೆ ರೈಟರ್:
ತುಂಬಾ ಉಪಕಾರ ಸಿಸ್ಟರ್. ದುಡ್ಡು ಕಟ್ಟಲ್ಲ, ಮೊದಲು ಡಾಕ್ಟರ್ ಹತ್ತಿರ ಹೋಗುತ್ತೇನೆ. ಊಟದಲ್ಲಿ ಏನು ಬಿಡಬೇಕು? ಬೆಳಿಗ್ಗೆ ಎದ್ದ ಕೂಡಲೇ ಕಾಫಿ, ಆಮೇಲೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಕಾಳಿನ ಸಾರು.

ಹಾಸನದ ಸಿಸ್ಟರ್:
ಅಕ್ಕಿ ರೊಟ್ಟಿ ಬಿಡಬೇಡಿ, ಅಕ್ಕಿ ಹೊಟ್ಟೆಗೆ ಹಿತ. ಅದಕ್ಕೆ ಹಾಕುವ ಈರುಳ್ಳಿ ಬಿಟ್ಟು ನೋಡಿ. ಈರುಳ್ಳಿ, ಬೆಳ್ಳುಳ್ಳಿ, ಕಾಳು, ಗೋಧಿ, ಹಾಲು ಹಲವರಿಗೆ ಗ್ಯಾಸ್ ಮಾಡುತ್ತವೆ. ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ಸೇರಿಸಿ, ಯಾವುದು ಆಗಲ್ಲ ಅಂತ ಗೊತ್ತಾಗುತ್ತೆ. ಈರುಳ್ಳಿ ಸೊಪ್ಪಿನ ಹಸಿರು ಭಾಗ ಹಾಕಬಹುದು. ಕಾಫಿ ಕುಡಿದರೆ ಕರುಳು ಚುರುಕಾಗುತ್ತೆ, ಅದಕ್ಕೇ ಹಾಜರಿ ಹೊತ್ತಿಗೆ ನಿಮಗೆ ಅವಸರ ಆಗುತ್ತಿರಬಹುದು. ತಿಂಡಿ ಆದ ಮೇಲೆ, ಸಣ್ಣ ಲೋಟದಲ್ಲಿ ಕುಡಿಯಿರಿ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ಭೇದಿ ಆದರೆ ತಡ ಮಾಡದೆ ಮತ್ತೆ ತೋರಿಸಿ, ರಿಪೋರ್ಟ್ ನಾರ್ಮಲ್ ಇತ್ತು ಅಂತ ಕೂರಬೇಡಿ.