ಮಗಳಿಗೆ 13 ವರ್ಷ, 600 ಮೀಟರ್ ಓಡುತ್ತಾಳೆ. ಕೋಚ್ ಬೇಕಾ? ಅನುಭವ ಇದ್ದವರು ಹೇಳಿ

ಗದಗದ ಅಮ್ಮ:
ಮಗಳು 7ನೇ ತರಗತಿ. ತಾಲೂಕು ಮಟ್ಟದ 600 ಮೀಟರ್‌ನಲ್ಲಿ ಎರಡನೇ ಸ್ಥಾನ, ಅದೂ ಬರಿಗಾಲಲ್ಲಿ. ಪಿ.ಟಿ. ಸರ್ ಧಾರವಾಡದ ಕೋಚ್ ಹತ್ರ ಕಳಿಸಿ ಅಂತಾರೆ. ಫೀಸು ತಿಂಗಳಿಗೆ 3,000. ಉಳಿಯೋಕೆ ಅವಳ ಸೋದರತ್ತೆ ಮನೆ ಇದೆ. ನಮ್ಮನೆಯವರು ಮಾತ್ರ "ರಕ್ತದಾಗ ಇದ್ರ ತಾನ ಬರ್ತದ ಬಿಡು" ಅಂತಾರೆ. ಜೂನ್‌ಗೆ ಶಾಲೆ ಬದಲಿಸಬೇಕು. ದಯವಿಟ್ಟು ಬೇಗ ಹೇಳಿ.

ಉಣಕಲ್ಲಿನ ಅಪ್ಪ:
ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮಗ 12ಕ್ಕೆ ಕೋಚಿಂಗ್ ಸೇರಿದ. ತಿಂಗಳಿಗೆ 2,500ರಂತೆ ಎರಡು ವರ್ಷಕ್ಕೆ 60,000. ಸ್ಪೈಕ್ಸ್ (ಅಡಿಗೆ ಮೊಳೆ ಇರೋ ಓಟದ ಬೂಟು) ಮೂರು ಜೊತೆ, 8,400. ಆ ವಯಸ್ಸಿಗೆ ಕಾಲು ನಿಲ್ಲೋದೇ ಇಲ್ಲ, ಎರಡನೇ ಜೊತೆ ಏಳೇ ವಾರಕ್ಕೆ ಬಿಗಿಯಾಯ್ತು. ಪ್ರೋಟೀನ್ ಪುಡಿ ಡಬ್ಬಿಗೆ 3,200, ಅಂಥವು ಐದು. ಬೆಳಿಗ್ಗೆ 5ಕ್ಕೆ ಸ್ಕೂಟರಲ್ಲಿ ಧಾರವಾಡ. ಪೆಟ್ರೋಲ್ ಬರೆದಿಟ್ಟಿಲ್ಲ, ಬರೆದಿದ್ದರೆ ಮನೆಯವಳು ನೋಡುತ್ತಿದ್ದಳು.

ಮೊದಲ ವರ್ಷ ಜಿಲ್ಲೆಗೆ ಮೂರನೇ ಸ್ಥಾನ. ನಾನು ಓಣಿಗೆಲ್ಲಾ ಪೇಡೆ ಹಂಚಿದೆ. ಎರಡನೇ ವರ್ಷ ಕೋಚ್ ವಾರಕ್ಕೆ 70 ಕಿಲೋಮೀಟರ್ ಓಡಿಸಿದ. 13ರ ಹುಡುಗನಿಗೆ! ಮೊಣಕಾಲ ಕೆಳಗೆ ಎಲುಬು ನೋವು ಅಂದರೆ "ನಾಟಕ ಮಾಡ್ತಾನೆ" ಅಂದ. ನಾನೂ ಅದನ್ನೇ ನಂಬಿ ಮಗನಿಗೆ ಬೈದೆ. 6,500 ಕೊಟ್ಟು ಎಂಆರ್‌ಐ ಮಾಡಿಸಿದರೆ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಹನ್ನೊಂದು ವಾರ ಊರುಗೋಲು. ಒಟ್ಟು 90,900. ಈಗ ಅವನಿಗೆ 17. ಟಿವಿಯಲ್ಲಿ ಓಟ ಬಂದರೆ ಚಾನೆಲ್ ಬದಲಿಸುತ್ತಾನೆ. ಕಳಿಸಬೇಡಿ.

ರಜೆಗೆ ಬಂದ ಯೋಧ, ಹಾವೇರಿ:
ಕೋಚ್ ಗೀಚ್ ಏನೂ ಬೇಡ. ನಾನು ಬ್ಯಾಡಗಿ ಕಡೆಯವನು. ಹೊಲ ನಾಲ್ಕು ಕಿಲೋಮೀಟರ್ ದೂರ. ಅಪ್ಪನ ಬುತ್ತಿ ಆರೋದ್ರೊಳಗೆ ಮುಟ್ಟಿಸಬೇಕು, ಅದೇ ನನ್ನ ಟ್ರೇನಿಂಗು. 2016ರ ಭರ್ತಿಯಲ್ಲಿ ಪೂರ್ತಿ ಅಂಕ ಬೇಕಂದರೆ 1600 ಮೀಟರ್ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕಿತ್ತು. ನಾನು 4 ನಿಮಿಷ 52ಕ್ಕೆ ಮುಗಿಸಿದೆ. 350 ರೂಪಾಯಿಯ ಕ್ಯಾನ್ವಾಸ್ ಬೂಟು. ನಮ್ಮ ಕಡೆಯಿಂದ ಬಂದವರಲ್ಲಿ ಆರು ಜನ ಅಕಾಡೆಮಿಗೆ ತಲಾ 18,000 ಕಟ್ಟಿದ್ದರು. ಐವರು ಮೂರನೇ ಸುತ್ತಿಗೇ ಸೊಂಟ ಹಿಡಿದು ನಿಂತರು.

ಅವಿನಾಶ್ ಸಾಬ್ಳೆ ನೋಡಿ. ಬೀಡ್ ಜಿಲ್ಲೆಯ ಹಳ್ಳಿ ಹುಡುಗ, ಆರು ಕಿಲೋಮೀಟರ್ ದೂರದ ಶಾಲೆಗೆ ಓಡಿಕೊಂಡು ಹೋಗುತ್ತಿದ್ದ. 2022ರ ಕಾಮನ್‌ವೆಲ್ತ್‌ನಲ್ಲಿ ಸ್ಟೀಪಲ್‌ಚೇಸ್ (ಅಡ್ಡಪಟ್ಟಿ, ನೀರಿನ ಗುಂಡಿ ಹಾರ್ತಾ ಓಡೋ ಓಟ) ಬೆಳ್ಳಿ. ಹಳ್ಳಿಯಲ್ಲಿ ಯಾವ ಕೋಚ್ ಇದ್ದ ಅವನಿಗೆ?

ಕೆಸಿಡಿ (ಧಾರವಾಡದ ಕರ್ನಾಟಕ ಕಾಲೇಜು) ಮೈದಾನದ ಹಳೇ ಓಟಗಾರ:
ಅಣ್ಣಾವ್ರೇ, ಅರ್ಧ ಕಥೆ ಹೇಳಿದಿರಿ. ಸಾಬ್ಳೆ ಓಟ ಕಲಿತಿದ್ದು ನಿಮ್ಮ ಸೇನೆಯಲ್ಲೇ. ಅವನನ್ನು ಸ್ಟೀಪಲ್‌ಚೇಸ್‌ಗೆ ತಿರುಗಿಸಿದ್ದು ಅಮ್ರೀಶ್ ಕುಮಾರ್ ಅನ್ನೋ ಸೇನೆಯ ಕೋಚ್. 2022ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೂ ತರಬೇತಿಗೆ ಹೋಗಿದ್ದ. ಬರ್ಮಿಂಗ್‌ಹ್ಯಾಮ್‌ನಲ್ಲಿ, ಆ ಬೆಳ್ಳಿ ಓಟದಲ್ಲಿ, ಅವನದು 8 ನಿಮಿಷ 11.20, ಗೆದ್ದ ಕೆನ್ಯಾದವನದು 8 ನಿಮಿಷ 11.15. ಬುತ್ತಿ ಹೊತ್ತು ಓಡಿದರೆ ಅಲ್ಲಿಗೆ ಮುಟ್ಟಲ್ಲ.

ಕೋಚ್ ಇಲ್ಲದೆ ಕೆಟ್ಟವನು ನಾನು. ಕಾಲೇಜಿನಲ್ಲಿ 1500 ಓಡುತ್ತಿದ್ದೆ. ಮೊದಲ ಸುತ್ತು 62 ಸೆಕೆಂಡ್, ಎಲ್ಲರ ಮುಂದೆ, ಗೆಳೆಯರ ಸಿಳ್ಳೆ. ಕೊನೆಗೆ ಕಾಲು ಕಲ್ಲು. ಮೂರು ವರ್ಷ ಇದೇ ತಪ್ಪು ಮಾಡಿದೆ. ಮೈದಾನದ ಅಂಚಿನಲ್ಲಿ ಗಡಿಯಾರ ಹಿಡಿದು "ನಿಧಾನ" ಅನ್ನೋರು ಒಬ್ಬರಿದ್ದರೆ ಸಾಕಿತ್ತು. ವಿಶ್ವವಿದ್ಯಾಲಯದ ಆಯ್ಕೆಗೆ ಐದನೇ ಸ್ಥಾನ, ತಗೊಂಡಿದ್ದು ನಾಲ್ವರನ್ನು. ಆ ನಾಲ್ಕನೆಯವನು ಈಗ ರೈಲ್ವೆಯಲ್ಲಿದ್ದಾನೆ. ನಾನು ಅಂಗಡಿಯಲ್ಲಿ.

ರಜೆಗೆ ಬಂದ ಯೋಧ, ಹಾವೇರಿ:
ಅಂದ್ರೆ ನಾನು ಓಡಿದ್ದು ಸುಳ್ಳಾ? 62ಕ್ಕೆ ಸುತ್ತು ಹಾಕಬೇಡ ಅಂತ ಹೇಳೋಕೆ ದುಡ್ಡು ಕೊಟ್ಟು ಜನ ಬೇಕಾ?

ಪಿ.ಟಿ. ಟೀಚರ್, ರೋಣ ತಾಲೂಕು:
22 ವರ್ಷದಿಂದ ಮಕ್ಕಳನ್ನು ಓಡಿಸುತ್ತಿದ್ದೇನೆ. ಇಬ್ಬರು ಹುಡುಗಿಯರ ಕಥೆ ಹೇಳುತ್ತೇನೆ. ಒಬ್ಬಳು 13ಕ್ಕೆ ತಾಲೂಕಿಗೆ ಮೊದಲು. 15ಕ್ಕೆ ಎಂಟನೆಯವಳು. ಮೈ ಬದಲಾಗಿತ್ತು, ಅದರ ಮೇಲೆ ರಕ್ತಹೀನತೆ, ಹಿಮೋಗ್ಲೋಬಿನ್ ಬರೀ 8.4. ಅವಳಿಗೆ ಬೇಕಿದ್ದದ್ದು ಕಬ್ಬಿಣಾಂಶದ ಮಾತ್ರೆ, ನಾನು ಕೊಟ್ಟಿದ್ದು ಇನ್ನೆರಡು ಸುತ್ತು. ಆ ತಪ್ಪು ನನ್ನದೇ. ಇನ್ನೊಬ್ಬಳು 13ಕ್ಕೆ ಕೊನೆಯಿಂದ ಎರಡನೆಯವಳು, 17ಕ್ಕೆ 3000 ಮೀಟರ್‌ನಲ್ಲಿ ರಾಜ್ಯ ಮಟ್ಟಕ್ಕೆ ಹೋದಳು. 13ಕ್ಕೆ ನೋಡಿ ಪ್ರತಿಭೆ ಇದೆ, ಇಲ್ಲ ಅನ್ನೋರನ್ನು ನಾನು ನಂಬಲ್ಲ.

ಇನ್ನೊಂದು. 1999ರಲ್ಲಿ ಹೆರಿಟೇಜ್ ಅಧ್ಯಯನದವರು ಕುಟುಂಬ ಕುಟುಂಬಗಳಿಗೇ 20 ವಾರ ಒಂದೇ ಥರದ ತರಬೇತಿ ಕೊಟ್ಟು ನೋಡಿದರು. ಕೆಲವರ ಮೈ ಆಮ್ಲಜನಕ ಬಳಸೋ ಶಕ್ತಿ ಚೆನ್ನಾಗಿ ಏರಿತು, ಕೆಲವರದು ಅಲ್ಲಾಡಲೇ ಇಲ್ಲ. ಈ ವ್ಯತ್ಯಾಸದಲ್ಲಿ ಸುಮಾರು 47% ವಂಶದಿಂದ ಬರೋದು ಅಂದರು. ಅಂದರೆ ತರಬೇತಿ ಹಿಡಿಯೋದೂ ರಕ್ತದಲ್ಲೇ ಇರಬೇಕು. ಅದು ಗೊತ್ತಾಗೋಕೆ ಮೊದಲು ತರಬೇತಿ ಕೊಡಬೇಕು!

ಮತ್ತೆ, ಕೋಚ್ ಅಂದರೆ ದೊಡ್ಡ ಓಟಗಾರನೇ ಆಗಬೇಕಿಲ್ಲ. ಕಾಲಮ್ ಓಕಾನೆಲ್ 1976ರಲ್ಲಿ ಐರ್ಲೆಂಡಿನಿಂದ ಕೆನ್ಯಾದ ಇಟೆನ್‌ಗೆ ಬಂದಿದ್ದು ಭೂಗೋಳ ಕಲಿಸಲು. 2012ರಲ್ಲಿ 800 ಮೀಟರ್ 1 ನಿಮಿಷ 40.91ಕ್ಕೆ ಓಡಿ ವಿಶ್ವ ದಾಖಲೆ ಮಾಡಿದ ಡೇವಿಡ್ ರುಡಿಶಾ ಅವರ ಶಿಷ್ಯ.

ಉಣಕಲ್ಲಿನ ಅಪ್ಪ:
ಮೇಡಂ, ನಮ್ಮ ಹುಡುಗನನ್ನೂ ಒಬ್ಬರು ಪಿ.ಟಿ. ಸರ್ರೇ ಧಾರವಾಡಕ್ಕೆ ಕಳಿಸಿದ್ದು. ಆಮೇಲೆ ಗೊತ್ತಾಯ್ತು, ತಲೆಗಿಷ್ಟು ಅಂತ ಅವರಿಗೆ ಸಿಗುತ್ತಿತ್ತಂತೆ.

ಪಿ.ಟಿ. ಟೀಚರ್, ರೋಣ ತಾಲೂಕು:
ಏನ್ರೀ ಹಂಗಂದ್ರ? ಮಕ್ಕಳ ಬಸ್ ಚಾರ್ಜು ನನ್ನ ಕೈಯಿಂದ ಹೋಗಿದೆ. ಶೇಂಗಾ, ಬೆಲ್ಲ ನನ್ನ ಮನೆಯಿಂದ ಹೋಗಿದೆ. ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ನಿಮ್ಮ ಮಗ ನೋವು ಅಂದಾಗ ನೀವೇನು ಮಾಡಿದಿರಿ, ನೀವೇ ಬರೆದಿದ್ದೀರಿ.

ಉಣಕಲ್ಲಿನ ಅಪ್ಪ:
ಅದನ್ನು ನೀವು ಹೇಳಬೇಕಾಗಿಲ್ಲ.

ಕೆಸಿಡಿ ಮೈದಾನದ ಹಳೇ ಓಟಗಾರ:
ತಾಲೂಕು ಮಟ್ಟದ ಮಾತೇ ಬೇಡ ಬಿಡಿ. 14ರೊಳಗಿನ ಓಟದಲ್ಲಿ ಮೀಸೆ ಬಂದ ಹುಡುಗರು ನಿಂತಿರುತ್ತಾರೆ. ಜನ್ಮ ದಿನಾಂಕ ತಿದ್ದೋದನ್ನು ನಿಲ್ಲಿಸಿ, ಆಮೇಲೆ ಪ್ರತಿಭೆ ಹುಡುಕಿ.

ರಜೆಗೆ ಬಂದ ಯೋಧ, ಹಾವೇರಿ:
ಈ ಮಾತು ಒಪ್ಪಿದೆ. ಆದರೆ ಉಣಕಲ್ಲಿನವ್ರೇ, ಪುಡಿಗೆ 16,000 ಯಾಕ್ರೀ ಸುರಿದಿರಿ? ಜೋಳದ ರೊಟ್ಟಿ, ಹೆಸರುಕಾಳು, ಮೇಲೆ ಮೊಸರು ಸಾಕಿತ್ತು.

ಉಣಕಲ್ಲಿನ ಅಪ್ಪ:
ರೊಟ್ಟಿ ನಮ್ಮನೆಯಲ್ಲೂ ಬಡಿತಾರೆ. ಪುಡಿ ಕೋಚ್ ಹೇಳಿದ್ದು, ಅವನ ಹತ್ರಾನೇ ತಗೋಬೇಕಿತ್ತು.

ಗದಗದ ಅಮ್ಮ:
ಎಲ್ಲರಿಗೂ ಧನ್ಯವಾದ. ನೀವು ಬರೆದಿದ್ದನ್ನೆಲ್ಲ ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಧಾರವಾಡಕ್ಕೆ ಹೋದರೂ ಬಿಟ್ಟರೂ ಅವಳಿಗೊಂದು ಬೂಟು ಬೇಕಂತೆ. 4ನೇ ನಂಬರ್ ಕಾಲು. ಯಾವುದು ಕೊಡಿಸಲಿ?

ಉಣಕಲ್ಲಿನ ಅಪ್ಪ:
ಮಗನ ಮೊದಲನೇ ಸ್ಪೈಕ್ಸ್ 4ನೇ ನಂಬರ್. ಅಟ್ಟದ ಮೇಲಿದೆ, ಮೊಳೆ ಕೂಡ ಸವೆದಿಲ್ಲ. ದುಡ್ಡು ಬೇಡ. ಗದಗ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಕೋಚ್ ಹತ್ರ ಮಾತ್ರ ಕಳಿಸಬೇಡಿ.

ರಜೆಗೆ ಬಂದ ಯೋಧ, ಹಾವೇರಿ:
ಬರಿಗಾಲಲ್ಲಿ ಎರಡನೇ ಸ್ಥಾನ ಬಂದ ಹುಡುಗಿಗೆ ಸ್ಪೈಕ್ಸ್ ಯಾಕ್ರೀ?