ಗುಗ್ಗುಳವೂ ಗುಗ್ಗುಲುವೂ ಒಂದೇ ಪದವೇ?

ಕಡೂರಿನ ನಮ್ಮ ಭಾವನವರ ರಕ್ತಪರೀಕ್ಷೆಯಲ್ಲಿ ಕೊಲೆಸ್ಟರಾಲ್ 240 ಬಂದಿತು. ವೈದ್ಯರು ಬರೆದುಕೊಟ್ಟ ಮಾತ್ರೆಯ ಜೊತೆಗಿರಲಿ ಎಂದು ಅವರು ಗ್ರಂದಿಗೆ ಅಂಗಡಿಯಿಂದ ‘ಮೇದೋಹರ ಗುಗ್ಗುಲು’ ತಂದರು. (‘ಗ್ರಂದಿಗೆ’ಯ ಮೂಲ ಗಂಧ ಮಾರುವ ಗಂಧಿಗನೇ ಇರಬೇಕೆಂದು ನನ್ನ ಅನುಮಾನ. ಅದನ್ನು ಇನ್ನೊಮ್ಮೆ ಕೇಳುತ್ತೇನೆ.) ಡಬ್ಬಿಯ ಹೆಸರನ್ನು ಓದಿದ್ದೇ ತಡ, ಅವರ ತಾಯಿ ಗದರಿದರು: “ಗುಗ್ಗುಳವನ್ನು ಯಾರಾದರೂ ನುಂಗುತ್ತಾರೇನೋ? ಅದು ವೀರಭದ್ರನದು!”

ನಮ್ಮ ಮನೆಗಳಲ್ಲಿ ಗುಗ್ಗುಳವೆಂದರೆ ಬೆಂಕಿಯ ಕೊಡ ಹೊತ್ತು, ವೀರಗಾಸೆಯವರ ಜೊತೆ ಹೊರಡುವ ಸೇವೆ. ಅದು ಗಿಡದ ಅಂಟಿನ ಹೆಸರೂ ಹೌದೆಂದು ನನಗೂ ಹೊಳೆದಿರಲಿಲ್ಲ. ಸಂಸ್ಕೃತದ ಕಮಲ ನಮ್ಮಲ್ಲಿ ಕಮಳವಾದಂತೆ ಗುಗ್ಗುಲು ಗುಗ್ಗುಳವಾಗಿದೆ, ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಹೇಳುವ ಕ್ಷಳ (ಸಂಸ್ಕೃತದ ಲಕಾರ ಕನ್ನಡದಲ್ಲಿ ಳಕಾರವಾಗುವುದು) ಇದೇ ಎಂದು ನನ್ನ ಎಣಿಕೆ. ಉರಿಸುವ ವಸ್ತುವಿನ ಹೆಸರು ಸೇವೆಗೆ ಅಂಟಿಕೊಂಡಿತು, ವಸ್ತು ಮಾತ್ರ ನೆನಪಿನಿಂದ ಜಾರಿತು. ಜಾರದೆ ಇನ್ನೇನು? ಆ ಗಿಡ ರಾಜಸ್ಥಾನ, ಗುಜರಾತಿನ ಒಣನೆಲದ್ದು. ನಮ್ಮ ಮಲೆನಾಡಿನ ಧೂಪದ ಮರವೇ ಬೇರೆ. ಅರಸೀಕೆರೆ, ತರೀಕೆರೆ ಕಡೆಯವರು ಹೇಳಬೇಕು: ನಿಮ್ಮಲ್ಲಿ ಅಂಟನ್ನೂ ‘ಗುಗ್ಗುಳ’ ಎನ್ನುವುದುಂಟೆ, ಅಥವಾ ನಮ್ಮಂತೆ ಬರೀ ‘ಧೂಪ’ವೆ?

‘ಮೇದೋಹರ’ದ ಬಗ್ಗೆಯೂ ನನ್ನದೊಂದು ತಕರಾರಿದೆ. ಅಂಗಡಿಯವರು ಅದನ್ನು ‘ಕೊಲೆಸ್ಟರಾಲ್ ಕರಗಿಸುವುದು’ ಎಂದು ಕನ್ನಡಿಸಿದರು. ಮೇದಸ್ಸು ಆಯುರ್ವೇದದ ಸಪ್ತಧಾತುಗಳಲ್ಲಿ ಒಂದು, ಮೈಯ ಕೊಬ್ಬು. ಕೊಲೆಸ್ಟರಾಲ್ ಎಂಬ ಹೆಸರಿನಲ್ಲಾದರೋ ಕೊಬ್ಬಿನ ಸುಳಿವೇ ಇಲ್ಲ. ಗ್ರೀಕಿನ ‘ಪಿತ್ತ’ ಮತ್ತು ‘ಗಟ್ಟಿ’ ಸೇರಿ ಆದ ಪದ ಅದು, ಏಕೆಂದರೆ ಆ ವಸ್ತು ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲಿನಲ್ಲಿ. ಮೇದಸ್ಸನ್ನು ಕೊಲೆಸ್ಟರಾಲ್ ಎಂದು ಅನುವಾದಿಸಿದರೆ ಅರ್ಥ ಹೇಳಿದಂತಾಗುವುದಿಲ್ಲ, ಹಳೆಯ ಔಷಧಕ್ಕೆ ಹೊಸ ಭರವಸೆ ಕಟ್ಟಿದಂತಾಗುತ್ತದೆ. ಆ ಭರವಸೆಯೂ ಗಟ್ಟಿಯಲ್ಲ: 2003ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಗುಗ್ಗುಲು ಸಾರ ತೆಗೆದುಕೊಂಡವರ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟರಾಲ್, ಇಳಿಯಲಿಲ್ಲ, ತುಸು ಏರಿತು.

ಅಂದ ಹಾಗೆ, ಆ ತಾಯಿಯ ಮಾತನ್ನು ತೀರಾ ತಳ್ಳಿಹಾಕುವಂತಿಲ್ಲ. ಆಯುರ್ವೇದದಲ್ಲಿಯೂ ಹಸಿ ಗುಗ್ಗುಲುವನ್ನು ಹಾಗೆಯೇ ಕೊಡುವುದಿಲ್ಲ, ತ್ರಿಫಲಾ ಕಷಾಯದಂಥದ್ದರಲ್ಲಿ ಬೇಯಿಸಿ ಶುದ್ಧಿಮಾಡಿದ ಮೇಲೆಯೇ ಬಳಸುತ್ತಾರೆ. ನುಂಗುವುದಕ್ಕೂ ಉರಿಸುವುದಕ್ಕೂ ನಡುವೆ ಅಷ್ಟು ಅಂತರವಿದೆ.

‘ಮೇದೋಹರ’ಕ್ಕೆ ‘ಕೊಬ್ಬಿಳಿಕ’ ಎಂದರೆ ಹೇಗೆ? ಜಗಳಕ್ಕೆ ಕರೆದಂತೆ ಕೇಳಿಸುತ್ತದೆಯೋ ಏನೋ. ಬಲ್ಲವರು ತಿಳಿಸಿ. ಭಾವನವರು ವೈದ್ಯರನ್ನು ಕೇಳಿ ಬರುವವರೆಗೆ ಡಬ್ಬಿಯನ್ನು ಅವರ ತಾಯಿ ದೇವರ ಗೂಡಿನಲ್ಲಿ ಇಟ್ಟಿದ್ದಾರೆ.