ಅಪ್‌ಡೇಟ್: ಕಡಿಮೆ ದುಡ್ಡಿನಲ್ಲೇ ಬಗ್ ಬೌಂಟಿ ಶುರು ಮಾಡಿದೆವು

ನಮ್ಮಂಥ ಚಿಕ್ಕ ತಂಡ ಬಗ್ ಬೌಂಟಿ (ಅಂದರೆ ನಮ್ಮ ಸಾಫ್ಟ್‌ವೇರ್‌ನ ಭದ್ರತಾ ದೋಷ ಹುಡುಕಿ ತಿಳಿಸುವ ಹೊರಗಿನವರಿಗೆ ಬಹುಮಾನ ಕೊಡುವುದು) ನಡೆಸಬಹುದಾ, ಬಹುಮಾನ ಕಡಿಮೆ ಇದ್ದರೆ ಯಾರಾದರೂ ಬರುತ್ತಾರಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಬಂದರು!

ನೀವು ಹೇಳಿದ ಹಾಗೆ ಲಾಗಿನ್ ಮತ್ತು ಪೇಮೆಂಟ್ ಭಾಗಕ್ಕೆ ಮಾತ್ರ ನಗದು ಬಹುಮಾನ ಇಟ್ಟೆವು. ಉಳಿದದ್ದಕ್ಕೆ ಧನ್ಯವಾದದ ಪುಟದಲ್ಲಿ ಹೆಸರು. ದೋಷ ಸಿಕ್ಕರೆ ಯಾರಿಗೆ ತಿಳಿಸಬೇಕು ಅಂತ ಹೇಳುವ ಸೆಕ್ಯುರಿಟಿ ಡಾಟ್ ಟಿಎಕ್ಸ್‌ಟಿ (security.txt) ಫೈಲನ್ನೂ ಸೈಟಿನಲ್ಲಿ ಹಾಕಿದೆವು. 2022ರಲ್ಲಿ ಬಂದ ಆರ್‌ಎಫ್‌ಸಿ 9116 ಅನ್ನೋ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಅದರ ವಿವರ ಇದೆ. ಸಂಪರ್ಕದ ವಿಳಾಸ, ಮುಗಿಯುವ ದಿನಾಂಕ ಇದ್ದರೆ ಸಾಕು, ಖರ್ಚೇನೂ ಇಲ್ಲ.

ಮೊದಲ ವಾರ ಬೇಜಾರಾಯಿತು. ದೋಷ ಹುಡುಕುವ ಸಾಫ್ಟ್‌ವೇರ್ (ಸ್ಕ್ಯಾನರ್) ಉಗುಳಿದ್ದನ್ನೇ ಸುಮ್ನೆ ಕಾಪಿ ಮಾಡಿ ಕಳಿಸಿದವರೇ ಜಾಸ್ತಿ. 'ತೊಂದರೆಯನ್ನು ಹಂತ ಹಂತವಾಗಿ ಮಾಡಿ ತೋರಿಸಿ' ಅಂತ ನಿಯಮದಲ್ಲಿ ಸೇರಿಸಿದ ಮೇಲೆ ಅದು ತಗ್ಗಿತು.

ಆಮೇಲೆ ಒಬ್ಬ ವಿದ್ಯಾರ್ಥಿನಿಯ ವರದಿ ಬಂತು. ಬಿಲ್ಲಿನ ಲಿಂಕ್‌ನಲ್ಲಿ ಕೊನೆಯ ಅಂಕಿ ಬದಲಿಸಿದರೆ ಬೇರೆಯವರ ಬಿಲ್ಲು ತೆರೆಯುತ್ತಿತ್ತು! ನೋಡಿ ಎದೆ ಧಸಕ್ಕೆಂದಿತು. ಲಾಗಿನ್ ಆಗಿದ್ದಾರಾ ಅಂತ ನೋಡುತ್ತಿದ್ದೆವು, ಬಿಲ್ಲು ಅವರದ್ದೇನಾ ಅಂತ ನೋಡುತ್ತಿರಲಿಲ್ಲ. ಅದೇ ದಿನ ಉತ್ತರ ಬರೆದೆವು. ಸರಿ ಮಾಡಿದ ಮೇಲೆ ಅವರಿಂದಲೇ ಮತ್ತೆ ಪರೀಕ್ಷೆ ಮಾಡಿಸಿ, ಅದಕ್ಕೂ ಸ್ವಲ್ಪ ದುಡ್ಡು ಕೊಟ್ಟೆವು. ಅವರು ಆಮೇಲೆ ಇನ್ನೆರಡು ದೋಷ ಹುಡುಕಿದರು. ಬಹುಮಾನದ ಮೊತ್ತಕ್ಕಿಂತ ಬೇಗ ಸಿಕ್ಕ ಉತ್ತರವೇ ಖುಷಿ ಕೊಟ್ಟಿತು ಅಂತ ಬರೆದಿದ್ದರು.

ಒಬ್ಬರು ಮೊದಲೇ ಹೇಳಿದ ದೋಷವನ್ನು ಇನ್ನೊಬ್ಬರು ಕಳಿಸಿದರೆ, ಮೊದಲ ವರದಿಯ ದಿನಾಂಕ ತಿಳಿಸುತ್ತೇವೆ. ಆಗ ಮೋಸ ಅನ್ನಿಸುವುದಿಲ್ಲ ಅಲ್ವಾ? ಮುಂದಿನ ತಿಂಗಳು ಫೈಲ್ ಅಪ್‌ಲೋಡ್ ಭಾಗವನ್ನೂ ಸೇರಿಸುತ್ತೇವೆ.